ಮಸ್ಕತ್ತಿನ ದೋಣಿಯಲ್ಲಿ ನಮ್ಮತ್ತೆ

ನಾವು ಮಸ್ಕತ್‌ಗೆ ಹೊರಟಿದ್ದೇವೆ ಎಂಬ ಸುದ್ದಿ ದಾವಣಗೆರೆ ವಿದ್ಯಾನಗರದ ನಮ್ಮ ಬೀದಿ ದಾಟುವ ಮೊದಲೇ ಸಲಹೆಗಳು ಬರತೊಡಗಿದವು. ಹೋಗುವವರು ನಾನು, ನನ್ನ ಯಜಮಾನರು, ಕಾಲೇಜಿಗೆ ಹೋಗುವ ಮಗಳು ಮತ್ತು ಎಪ್ಪತ್ತು ದಾಟಿದ ನಮ್ಮತ್ತೆ. ಸಲಹೆಗಳಲ್ಲಿ ಮುಕ್ಕಾಲುಪಾಲು ಅತ್ತೆಯ ಬಗ್ಗೆಯೇ ಇದ್ದವು.

ಯಜಮಾನರ ದೊಡ್ಡಪ್ಪನ ಮಗ, ನನಗೆ ಭಾವ, ಬೀಜದ ಕಂಪನಿಯ ಖರ್ಚಿನಲ್ಲಿ ಎರಡು ದೇಶ ಸುತ್ತಿ ಬಂದವರು. ಒಂದು ಭಾನುವಾರ ಮನೆಗೆ ಬಂದು ಕುಳಿತರು. ಅತ್ತೆ ಎದುರಿಗೇ ಇದ್ದರೂ ನನ್ನ ಕಡೆ ತಿರುಗಿ ಹೇಳಿದರು.

"ಚಿಕ್ಕಮ್ಮನ್ನ ಯಾಕ ಕರ್ಕಂಡು ಹೋಗ್ತೀಯವ್ವಾ? ಮೊಣಕಾಲು ನೋವು ಐತೆ. ಅಲ್ಲಿ ಊಟ ಸೇರಲ್ಲ. ದೋಣಿ-ಗೀಣಿ ಹತ್ತಾಕ ಆಗಲ್ಲ. ನಿಮ್ಮ ಟ್ರಿಪ್ಪೂ ಕೆಡುತ್ತೆ. ಸಾರಥಿ ಊರಾಗೆ ಅವರ ತಮ್ಮ ಅದಾನಲ್ಲ, ಅವನ ಮನ್ಯಾಗೆ ಬಿಟ್ಟು ಹೋಗ್ರಿ."

ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಆದರೆ ಮುಖ ಸಣ್ಣಗಾದದ್ದು ನನಗೆ ಕಂಡಿತು. ಚೌಕಿಪೇಟೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಮಾವನವರ ಪಕ್ಕ ಸರಿಸಮವಾಗಿ ಕುಳಿತು ವ್ಯಾಪಾರ ಮಾಡಿದವರು ಅವರು. ಈಗ ಅವರನ್ನು ಸಾಮಾನಿನ ಹಾಗೆ ಎಲ್ಲಿ ಇಡಬೇಕೆಂದು ಅವರ ಮುಂದೆಯೇ ಮಾತಾಗುತ್ತಿತ್ತು.

"ಅವರು ಬರದಿದ್ರೆ ನಾನೂ ಹೋಗಲ್ಲ ಭಾವ," ಎಂದೆ.

ಮರುವಾರ ಅತ್ತೆಯೂ ನಾನೂ ಹರಿಹರಕ್ಕೆ ಖಾಲಾ ಮನೆಗೆ ಹೋದೆವು. ಉರ್ದುವಿನಲ್ಲಿ ಖಾಲಾ ಎಂದರೆ ತಾಯಿಯ ತಂಗಿ; ನಾವೆಲ್ಲ ಹಾಗೆ ಕರೆಯುವ ಇವರು ನಮ್ಮ ಅಂಗಡಿಯ ಕಾಲದಿಂದಲೂ ಅತ್ತೆಯ ಗೆಳತಿ. ಗಂಡ ಮಸ್ಕತ್‌ನಲ್ಲಿ ಟೈಲರ್ ಆಗಿದ್ದಾಗ ಬಹಳ ವರ್ಷ ಅಲ್ಲೇ ಸಂಸಾರ ಮಾಡಿದವರು. ವಿಷಯ ಕೇಳಿದ್ದೇ ತಡ, ಅವರ ಪರವಾಗಿ ನಾವು ಅವರ ಹಳೇ ಊರಿಗೆ ಹೊರಟಿದ್ದೇವೇನೋ ಎಂಬಷ್ಟು ಖುಷಿಪಟ್ಟರು.

"ಚಳಿಗಾಲದಾಗೆ ಹೋಗ್ರಿ. ಬ್ಯಾಸಿಗ್ಯಾಗೆ ಹೋದ್ರೆ ದಾವಣಗೆರೆ ಬಿಸಿಲೇ ತಂಪು ಅನಿಸುತ್ತೆ. ಮಾಲ್ ನೋಡಾಕ ಅಷ್ಟು ದೂರ ಹೋಗಬ್ಯಾಡ್ರಿ. ಸಂಜಿಮುಂದ ಮತ್ರಾಕ್ಕ ಹೋಗ್ರಿ. ಸಮುದ್ರದ ದಂಡಿಗುಂಟ ಕೂಡಾಕ ಜಾಗ ಐತೆ, ಹಿಂದೇನೇ ಹಳೇ ಬಜಾರು. ರುವಿ ಅಂತ ಪ್ಯಾಟಿ ಐತೆ, ಅಲ್ಲಿ ನಮ್ಮ ಕಡೆ ಊಟ ಸಿಗುತ್ತೆ. ಬೆಳಿಗ್ಗೆ ಡಾಲ್ಫಿನ್ ನೋಡಾಕ ದೋಣಿ ಹತ್ರಿ. ಖಾಲಿ ಹೊಟ್ಟ್ಯಾಗೆ ಮಾತ್ರ ಹತ್ತಬ್ಯಾಡ್ರಿ. ಹಿಂದಿನ ಸೀಟಿನಾಗೆ ಕೂತ್ಕಂಡು ದೂರದ ಗುಡ್ಡ ನೋಡ್ತಾ ಇರ್ರಿ."

"ನಾನು ಹತ್ತಬಹುದೇನೇ?" ಅತ್ತೆ ಮೆಲ್ಲಗೆ ಕೇಳಿದರು.

"ನೀವಲ್ದೆ ಮತ್ಯಾರು ಹತ್ತಬೇಕ್ರಿ ಅಕ್ಕಾ?"

ಮಸ್ಕತ್‌ನಲ್ಲಿ ಮೊದಲ ಸಂಜೆಯೇ ಮತ್ರಾಕ್ಕೆ ಹೋದೆವು. ಬಜಾರಿನೊಳಗೆ ಕಾಲಿಟ್ಟದ್ದೇ ಅತ್ತೆಯ ನಡಿಗೆ ಬದಲಾಯಿತು. ಶಾಲುಗಳ ಅಂಗಡಿಯಲ್ಲಿ ಒಂದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ದಾವಣಗೆರೆ ಬಜಾರಿನ ಉರ್ದುವಿನಲ್ಲಿ ಮಾತಿಗಿಳಿದರು. ಅಂಗಡಿಯವ ಮೊದಲು ನಕ್ಕ, ಆಮೇಲೆ ಸ್ಟೂಲ್ ಹಾಕಿದ, ಕೊನೆಗೆ ಖರ್ಜೂರ, ಅಲ್ಲಿನ ಕಾಫಿ ಕಹ್ವಾ ತರಿಸಿದ. ಖಾಲಾಗೆಂದು ಒಂದು ಹಸಿರು ಶಾಲು ಕೊಂಡು, ಅತ್ತೆ ಗೆದ್ದವರಂತೆ ಹೊರಗೆ ಬಂದರು.

ಮರುದಿನ ಬೆಳಿಗ್ಗೆ ದೋಣಿ. ಯಜಮಾನರು ವಿಡಿಯೊ ಚೆನ್ನಾಗಿ ಬರುತ್ತದೆಂದು ಮುಂದೆ ಹೋಗಿ ಕುಳಿತರು, ಮಗಳೂ ಅವರ ಜೊತೆ. ಅತ್ತೆ ಇಡ್ಲಿ ತಿಂದು ಬಂದವರು ನನ್ನ ಜೊತೆ ಹಿಂದಿನ ಸೀಟು ಹಿಡಿದು ಮೊಣಕಾಲು ಚಾಚಿದರು. ಬೋಳು ಗುಡ್ಡಗಳ ಮರೆ ದಾಟಿದ ಮೇಲೆ ಅಲೆಗಳು ಎದ್ದವು. ಸ್ವಲ್ಪ ಹೊತ್ತಿಗೆ ಯಜಮಾನರು ಫೋನ್ ಜೇಬಿಗೆ ಹಾಕಿ ಅಂಚಿಗೆ ಬಾಗಿದರು. ಮಗಳು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ನನಗೂ ಹೊಟ್ಟೆ ತೊಳೆಸತೊಡಗಿ ಕಣ್ಣು ಮುಚ್ಚಿದೆ.

ದೋಣಿ ನಡೆಸುವವನಿಗೆ ಉರ್ದು ಬರುತ್ತಿತ್ತು. "ಅಮ್ಮಾ, ಡರ್ ನಹೀ ಲಗ್ತಾ?" ಎಂದು ಅತ್ತೆಯನ್ನು ಕೇಳಿದ, ಹೆದರಿಕೆ ಆಗುವುದಿಲ್ಲವಾ ಅಂತ.

"ಡರ್ ಕಾಯ್ಕು?" ಎಂದರು ಅತ್ತೆ, ಯಾತಕ್ಕೆ ಹೆದರಿಕೆ ಅನ್ನುವ ಹಾಗೆ. ಆಮೇಲೆ ನನಗೆ ಹೇಳಿದರು, "ಸಣ್ಣಾಕಿ ಇದ್ದಾಗ ತುಂಬಿದ ಹೊಳಿನ ಹರಿಗೋಲಿನಾಗೆ ದಾಟೀನವ್ವಾ. ಅದು ಗಿರಗಿರ ತಿರುಗ್ತಿತ್ತು. ಇದು ಬರೇ ತೂಗುತ್ತೆ."

ಹೇಳಿ ಮುಗಿಸುವಷ್ಟರಲ್ಲಿ ಅವರ ಕೈ ಮೇಲೆದ್ದಿತು. "ಅಗೋ! ಅಲ್ಲಿ!"

ಎಲ್ಲರಿಗಿಂತ ಮೊದಲು ಕಂಡದ್ದು ಅವರಿಗೇ. ಕಪ್ಪು ಬೆನ್ನುಗಳು ಸಾಲಾಗಿ ಎದ್ದವು, ಒಂದು ಡಾಲ್ಫಿನ್ ಪೂರ್ತಿ ನೀರು ಬಿಟ್ಟು ನೆಗೆಯಿತು. ಅತ್ತೆ ಕಂಬಿ ಹಿಡಿದು ಎದ್ದು ನಿಂತು, ಸೆರಗು ಹಾರುತ್ತಿದ್ದರೂ ಲೆಕ್ಕಿಸದೆ ಜೋರಾಗಿ ಕೂಗಿದರು. ಅಷ್ಟು ದೊಡ್ಡ ದನಿ ಅವರಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ದೋಣಿಯಲ್ಲಿದ್ದ ಬೇರೆ ದೇಶದವರೂ ಅವರೊಡನೆ ಕೂಗಿದರು. ಡಾಲ್ಫಿನ್‌ಗಳು ದೋಣಿಯ ಪಕ್ಕದಲ್ಲೇ ಓಡಿದವು. ನನ್ನ ವಾಕರಿಕೆ ಎಲ್ಲಿ ಹೋಯಿತೋ, ನಾನೂ ಎದ್ದು ಅವರ ತೋಳು ಹಿಡಿದು ಕೂಗಿದೆ.

ದಡಕ್ಕೆ ಬಂದಾಗ ಮೊದಲು ಇಳಿದವರು ಅತ್ತೆ. ತಿರುಗಿ ನಿಂತು ಮಗನಿಗೆ ಕೈ ಕೊಟ್ಟು, "ಹುಷಾರಪ್ಪಾ, ನಿಧಾನ ಇಳಿ," ಎಂದರು.

ಊರಿಗೆ ಮರಳಿದ ಮೇಲೆ ಮಸ್ಕತ್‌ಗೆ ಹೊರಟವರೆಲ್ಲ ನಮ್ಮ ಮನೆಗೆ ಬರತೊಡಗಿದರು. ಮಾಯಕೊಂಡದಿಂದ ಒಂದು ಕುಟುಂಬವೇ ಬಂತು. ಪ್ರಶ್ನೆ ನನಗೆ ಕೇಳುತ್ತಿದ್ದರು, ಉತ್ತರ ಅತ್ತೆ ಕೊಡುತ್ತಿದ್ದರು. ಒಂದು ದಿನ ಭಾವನ ಫೋನ್ ಬಂತು, ತಾವೂ ಹೆಂಡತಿಯೂ ಹೊರಟಿದ್ದೇವೆಂದು. ಅವರ ಮನೆಯಲ್ಲೇ ಇರುವ ಹೆಂಡತಿಯ ತಾಯಿಯ ಮಾತೆತ್ತಲಿಲ್ಲ. "ಚಿಕ್ಕಮ್ಮಗೆ ಕೊಡವ್ವಾ," ಎಂದರು.

ಅತ್ತೆ ಮತ್ರಾ, ರುವಿ, ಹಿಂದಿನ ಸೀಟು ಎಲ್ಲ ಸಾವಕಾಶವಾಗಿ ಹೇಳಿದರು. ಕೊನೆಗೆ, "ನಿಮ್ಮತ್ತಿನೂ ಕರ್ಕಂಡು ಹೋಗಪ್ಪಾ. ಬಿಟ್ಟು ಹೋಗಬ್ಯಾಡ," ಎಂದರು.

"ಆತು ಚಿಕ್ಕಮ್ಮ," ಎಂದರು ಭಾವ. ಕರೆದುಕೊಂಡೂ ಹೋದರು.