ಕಂಪೌಂಡರ್ ಶೇಖರಪ್ಪನವರ ಕೇರೆ ಹಾವು

ಯಾರಾದರೂ ನಮಸ್ಕಾರ ಎಂದರೆ ಕಂಪೌಂಡರ್ ಶೇಖರಪ್ಪನವರು ಸಂತೆಯಲ್ಲಿ ದನದ ವಯಸ್ಸು ಅಳೆಯುವವರಂತೆ ಅವರ ಮುಖ ನೋಡಿ ಸುಮ್ಮನೆ ಮುಂದೆ ಹೋಗುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಕೊಟ್ಟರೆ, "ಹೂರಣ ಸೀದೈತಿ, ನಿಮ್ಮ ಮನ್ಯಾಗ ಯಾರಿಗೂ ಮೂಗಿಲ್ಲೇನು?" ಎನ್ನುತ್ತಿದ್ದರು. ಸಿರುಗುಪ್ಪದ ದನದ ದವಾಖಾನೆಯಲ್ಲಿ ನಿವೃತ್ತರಾಗಿ, ಕೌಲ್ ಬಜಾರಿನ ನಮ್ಮ ಮನೆಯ ಮೇಲಂತಸ್ತಿನ ಕೋಣೆಗೆ ಬಾಡಿಗೆಗೆ ಬಂದಿದ್ದರು. ಕೆಳಗೆ ನನ್ನ ಹೊಲಿಗೆ ಅಂಗಡಿ. ಅವರು ಈಗಿಲ್ಲ. ಆ ಸುದ್ದಿ ಕೇಳಿದ ಮೇಲೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ.

ಒಂದು ಚಳಿಗಾಲ ಸಿರಿಗೇರಿಯಿಂದ ಗೋಣಿಚೀಲ ಹಿಡಿದುಕೊಂಡು ಬಂದರು. ಪಕ್ಕದ ಮನೆಯವರು ಏನೆಂದು ಕೇಳಿದ್ದಕ್ಕೆ "ಹಾವು" ಎಂದು ಹೇಳಿ ಮೆಟ್ಟಿಲು ಹತ್ತಿದರು. ಅರ್ಧ ಗಂಟೆಯಲ್ಲಿ ಓಣಿಯೆಲ್ಲ ನನ್ನ ಅಂಗಡಿ ಮುಂದೆ ನಿಂತಿತ್ತು. ಮನೆ ಖಾಲಿ ಮಾಡಿ ಎಂದು ಹೇಳಲು ನಾನೇ ಮೇಲೆ ಹೋದೆ.

ಅದು ಕೇರೆ ಹಾವು. ಹೊಲದ ಸುತ್ತ ಕಟ್ಟಿದ ನೈಲಾನ್ ಬಲೆಗೆ ಸಿಕ್ಕು, ದಾರ ನಡು ಮೈಯನ್ನು ಕೊಯ್ದು ಒಳಗೆ ಇಳಿದಿತ್ತು. ಶೇಖರಪ್ಪನವರು ತಲೆ ಎತ್ತದೆ, "ಬಂದೀರಲ್ಲ, ಬಾಲದ ಕಡಿ ಹಿಡೀರಿ" ಎಂದರು.

"ನಾನು ಬಂದದ್ದು ಅದಕ್ಕಲ್ರಿ."

"ಮದ್ಲು ಹಿಡೀರಿ. ಜಗಳ ಆಮ್ಯಾಲ ಮಾಡಾಕ ಬರತೈತಿ."

ಯಾಕೆ ಹಿಡಿದೆನೋ ಗೊತ್ತಿಲ್ಲ. ಮೈ ತಣ್ಣಗೆ, ಒಣಗಿತ್ತು. ಒಂದೊಂದೇ ಎಳೆ ಕತ್ತರಿಸಿ ತೆಗೆದು, ಗಾಯ ತೊಳೆದು, ಮುಲಾಮು ಹಚ್ಚಿದರು. "ಅಷ್ಟು ಬಿಗಿ ಹಿಡೀಬ್ಯಾಡ್ರಿ. ಅದಕ್ಕ ಇನ್ನಷ್ಟು ಅಂಜಿಕಿ ಆಗತೈತಿ" ಎಂದು ನನ್ನನ್ನೇ ಗದರಿಸಿದರು. ಹೇಳಲು ಹೋದದ್ದನ್ನು ಹೇಳದೆ ಇಳಿದು ಬಂದೆ. ನನ್ನ ಮನೆಯಲ್ಲಿ ನಿಂತು ನನಗೇ ಅಪ್ಪಣೆ ಮಾಡಿದರಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ದಿನಾ ಬೆಳಿಗ್ಗೆ ಹಾವಿನ ಪ್ಲಾಸ್ಟಿಕ್ ಟಬ್ಬನ್ನು ಅದರ ಮೇಲಿನ ಬಯಲು ಮಾಳಿಗೆಯ ಎಳೆ ಬಿಸಿಲಿಗೆ ಇಡುತ್ತಿದ್ದರು. ಒಂದು ವಾರ ನೋಡಿ, ಮಾಳಿಗೆ ಬಾಗಿಲಿಗೆ ಬೀಗ ಹಾಕಿದೆ.

"ಚಳ್ಯಾಗ ಗಾಯ ಮಾಯಂಗಿಲ್ಲ. ಕೀಲಿ ಕೊಡ್ರಿ."

"ಕೊಡಂಗಿಲ್ಲ. ಮನಿ ಬಿಡ್ರಿ."

"ಗಾಯ ಮಾದ ಮ್ಯಾಲ ಬಿಡ್ತೀನಿ."

ಮರುದಿನದಿಂದ ಸ್ಟೂಲ್ ಹಾಕಿಕೊಂಡು ನನ್ನ ಅಂಗಡಿ ಬಾಗಿಲಲ್ಲೇ ಕೂತರು. ಕಾಲ ಬಳಿ ಜಾಲರಿ ಮುಚ್ಚಿದ ಟಬ್ಬು. ಜಂಪರ್ ಅಳತೆ ಕೊಡಲು ಬಂದ ಹೆಂಗಸರು ಎದುರು ಸಾಲಿನಿಂದಲೇ ತಿರುಗಿ ಹೋದರು. ಸಂಕ್ರಾಂತಿಯ ಮುಂದೆ ನನ್ನ ಮಿಷಿನ್ನು ಸುಮ್ಮನೆ ಕೂತಿತ್ತು. ಐದನೆಯ ದಿನ ಬಾಗಿಲು ತೊಳೆಯುವ ನೆಪ ಮಾಡಿ, ಫಿನಾಯಿಲ್ ಬೆರೆಸಿದ ಬಕೆಟ್ ನೀರನ್ನು ಆ ಕಡೆಗೇ ಚೆಲ್ಲಿದೆ.

ಹಾವು ಟಬ್ಬಿನೊಳಗೆ ಚಾಟಿಯಂತೆ ಬಡಿದುಕೊಂಡಿತು. ಶೇಖರಪ್ಪನವರು ಬರಿಗೈಯಲ್ಲಿ ಅದನ್ನು ಎತ್ತಿ ನಮ್ಮ ನಲ್ಲಿಯ ಕೆಳಗೆ ಹಿಡಿದರು. ಅದು ಅವರ ಮಣಿಕಟ್ಟಿಗೆ ಕಚ್ಚಿತು. ರಕ್ತ ಬೆರಳ ತುದಿಯ ತನಕ ಇಳಿಯುತ್ತಿದ್ದರೂ ಬಿಡಲಿಲ್ಲ. ತೊಳೆದರು, ಮತ್ತೆ ತೊಳೆದರು, ಅದು ಕೈಯಲ್ಲಿ ಜೋತುಬೀಳುವ ತನಕ ತೊಳೆದರು. ಸತ್ತಿತೆಂದುಕೊಂಡೆ. ಆಗ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು:

"ಇದು ಉರಿ ತಾಳಲಾರದ ಕಚ್ಚಿತು. ನೀವು ಯಾತಕ್ಕ ಕಚ್ಚಿದ್ರಿ?"

ಅಂದು ಸಂಜೆ ಕೀಲಿಯನ್ನು ಅವರ ಬಾಗಿಲ ಮುಂದೆ ಇಟ್ಟು ಬಂದೆ. ಮರುದಿನದಿಂದ ಟಬ್ಬು ಮತ್ತೆ ಮಾಳಿಗೆ ಬಿಸಿಲಿಗೆ ಹೋಯಿತು. ಹಾವು ಉಳಿಯಿತು. ಒಂದೂವರೆ ತಿಂಗಳಿಗೆ ಪೊರೆ ಬಿಟ್ಟಿತು. ಗಾಯದ ಜಾಗದಲ್ಲಿ ಸೊಟ್ಟ ಗೆರೆಯೊಂದು ಮಾತ್ರ ಇತ್ತಂತೆ. ನನಗೆ ತೋರಿಸಲಿಲ್ಲ. ಮೋಕದ ಕಡೆ ಹೊಳೆದಂಡೆಗೆ ಬಿಟ್ಟು ಬಂದರೆಂದು ಎದುರು ಮನೆಯವರಿಂದ ತಿಳಿಯಿತು.

ಮರುದಿನವೇ ಆಟೋ ತರಿಸಿ ಸಾಮಾನು ಹೇರಿದರು. ಕುರುಗೋಡಿನ ತಂಗಿಯ ಮನೆಗೆ ಹೊರಟಿದ್ದರು. ಓಣಿಯವರು ಯಾರೂ ಹೊರಗೆ ಬರಲಿಲ್ಲ. ನಾನು ಆಟೋ ಹತ್ತಿರ ಹೋಗಿ ನಿಂತೆ. ಮೂರು ದಿನದಿಂದ ಕಲಿತಿಟ್ಟುಕೊಂಡ ಮಾತುಗಳಲ್ಲಿ ಒಂದನ್ನೇ ಹೇಳಿದೆ.

"ನನ್ನಿಂದ ತಪ್ಪಾತ್ರಿ."

ಶೇಖರಪ್ಪನವರು ಒಳಗೆ ಸರಿದು ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅದನ್ನ ನನಗ್ಯಾಕ ಹೇಳ್ತೀರಿ?" ಎಂದರು. ಆಟೋದವನಿಗೆ ಹೊರಡು ಎಂದು ಕೈ ಮಾಡಿದರು.