ಹೊಸ ಕಾರು ಬರುವ ತನಕ

ನಮ್ಮಪ್ಪ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ವಕೀಲರು. ಊರಿನಲ್ಲಿ ಕಾರಿದ್ದ ನಾಲ್ಕೈದು ಮನೆಗಳಲ್ಲಿ ನಮ್ಮದೂ ಒಂದು. ಆದರೆ ಆ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಕೋಲಾರದ ಕಡೆಯ ಯಾರೋ ಬಿಳಿಯ ದೊರೆ ದೇಶ ಬಿಟ್ಟು ಹೋಗುವಾಗ ಮಾರಿದ ಗಾಡಿ ಅದು. ಮೂರು ಕೈ ದಾಟಿ ಅಪ್ಪನ ಕೈಗೆ ಬಂದಿತ್ತು. ಬೆಳಿಗ್ಗೆ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸುವುದು ಗುಮಾಸ್ತರ ಕೆಲಸ. ಅದಕ್ಕೂ ಜಗ್ಗದಿದ್ದರೆ ತಳ್ಳುವುದು ಕಕ್ಷಿದಾರರ ಕೆಲಸ. ಮೊಕದ್ದಮೆಗಳು ಹೆಚ್ಚಿದ್ದ ದಿನ ಕಾರು ಬೇಗ ಹೊರಡುತ್ತಿತ್ತು.

ಅರವತ್ತರ ದಶಕದ ನಡುವಿನಲ್ಲಿ ಒಂದು ಸಲ ನೆಲಮಂಗಲಕ್ಕೆ ಮದುವೆಗೆ ಹೊರಟೆವು. ಅಪ್ಪ, ಅಮ್ಮ, ಅಕ್ಕ ಮತ್ತು ನಾನು. ಊರು ಇನ್ನೊಂದು ಮೈಲಿ ಇದೆ ಅನ್ನುವಾಗ ಏರಿನಲ್ಲಿ ಕಾರು ಉಸಿರು ಬಿಟ್ಟಿತು. ಖಾಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತರೊಬ್ಬರು ಕನಿಕರಪಟ್ಟು, ಎತ್ತುಗಳನ್ನು ಬಿಚ್ಚಿ ಕಾರಿಗೆ ಹಗ್ಗ ಕಟ್ಟಿದರು. ಮದುವೆ ಮನೆ ಕಣ್ಣಿಗೆ ಬೀಳುವ ಮುಂಚೆಯೇ ಹಗ್ಗ ಬಿಚ್ಚಿಬಿಡಬೇಕೆಂದು ಅಪ್ಪ ಎರಡು ಸಲ ಹೇಳಿದ್ದರು. ಆ ರೈತರು ಮರೆತರು. ಚಪ್ಪರದ ಮುಂದೆ ಕೂತಿದ್ದ ವಾಲಗದವರು, ಎತ್ತು ಕಟ್ಟಿದ ಕಾರು ಬರುತ್ತಿರುವುದನ್ನು ಕಂಡು ಇದೂ ಮದುವೆಯ ಶಾಸ್ತ್ರವೇ ಇರಬೇಕೆಂದು ಊದಲು ಶುರು ಮಾಡಿದರು. ಸೂಟು ತೊಟ್ಟಿದ್ದ ಅಪ್ಪ ಮಂಗಳವಾದ್ಯದ ನಡುವೆ ಕೆಳಗಿಳಿದರು. ಊಟದ ಪಂಕ್ತಿಯಲ್ಲಿ ಒಬ್ಬರು, ಎತ್ತುಗಳು ಗ್ಯಾಲನ್ನಿಗೆ ಎಷ್ಟು ಮೈಲಿ ಕೊಡುತ್ತವೆಂದು ವಿಚಾರಿಸಿದರು. ಅಪ್ಪ ಪಾಯಸ ಮುಟ್ಟಲಿಲ್ಲ.

ಮುಂದಿನ ವಾರವೇ ಬೆಂಗಳೂರಿಗೆ ಹೋಗಿ ಹೊಸ ಕಾರಿಗೆ ಹೆಸರು ಬರೆಸಿ ಬಂದರು. ಆಗ ಕಾರನ್ನು ಅಂಗಡಿಗೆ ಹೋಗಿ ತರುವ ಹಾಗಿರಲಿಲ್ಲ. ಮುಂಗಡವನ್ನು ಅಂಚೆ ಕಚೇರಿಯಲ್ಲಿಟ್ಟು, ಸರದಿಯ ನಂಬರು ಬರೆದ ಚೀಟಿ ಹಿಡಿದು, ವರ್ಷಗಟ್ಟಲೆ ಕಾಯಬೇಕು. ಅಪ್ಪ ಆ ಚೀಟಿಯನ್ನು ದೇವರ ಮನೆಯಲ್ಲಿಟ್ಟರು. ಕಾಯುವ ಕಾಲದಲ್ಲೇ ಉಳಿದ ಹಣವನ್ನೂ ಕೂಡಿಸಬೇಕೆಂದು ಆ ರಾತ್ರಿ ಊಟಕ್ಕೆ ಕೂತಾಗ ತಿಳಿಸಿದರು. ಮನೆಯವರೆಲ್ಲ ಒಂದೊಂದನ್ನು ಬಿಡಬೇಕು, ಯಾರು ಏನು ಬಿಡಬೇಕೆಂಬುದನ್ನು ಅವರೇ ಯೋಚಿಸಿಟ್ಟಿದ್ದರು. ಅಮ್ಮ ಎರಡನೆಯ ಹೊತ್ತಿನ ಕಾಫಿ ಬಿಡುವುದು. ನಾನು ದೀಪಾವಳಿಯ ಹೊಸ ಬಟ್ಟೆ ಬಿಡುವುದು. ಅಕ್ಕ ಸಂಗೀತದ ಪಾಠ ಬಿಡುವುದು. ಅಪ್ಪ ಸಿಗರೇಟು ಬಿಟ್ಟರು; ಎಂದರೆ ಕೊಳ್ಳುವುದನ್ನು ಬಿಟ್ಟರು. ಕಕ್ಷಿದಾರರು ಕೊಟ್ಟದ್ದನ್ನು ಬೇಡವೆಂದು ಅವರ ಮನಸ್ಸು ನೋಯಿಸುತ್ತಿರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲ ಕೋರಿಕೆಗಳಿಗೂ ಒಂದೇ ಉತ್ತರವಾಯಿತು. ಸೋರುವ ಹೆಂಚು ಬದಲಿಸೋಣವೇ ಎಂದರೆ ಕಾರು ಬರ್ಲಿ. ಅಕ್ಕ ಮೆಟ್ರಿಕ್ ಮುಗಿಸಿ ಟೀಚರ್ ಟ್ರೈನಿಂಗಿಗೆ ಹೋಗುತ್ತೇನೆಂದರೂ ಕಾರು ಬರ್ಲಿ. ಆದರೆ ಕಾರು ನಿಲ್ಲಿಸುವ ಶೆಡ್ಡು ಮಾತ್ರ ಕಾರಿಗಾಗಿ ಕಾಯಲಿಲ್ಲ. ಹಿತ್ತಲಿನ ಸೀಬೆ ಮರ ಕಡಿಸಿ ಅದನ್ನು ಕಟ್ಟಿಸಿದರು. ಹಳೆಯ ಗಾಡಿಯನ್ನು ಅದರೊಳಗೆ ಬಿಡಲಿಲ್ಲ, ನೆಲಕ್ಕೆ ಎಣ್ಣೆ ಸೋರುತ್ತದೆಂದು. ಅದು ಬಿಸಿಲಿನಲ್ಲೇ ನಿಂತಿತ್ತು. ಶೆಡ್ಡಿನಲ್ಲಿ ಅಮ್ಮ ಹಪ್ಪಳ ಒಣಹಾಕುತ್ತಿದ್ದಳು.

ಹೀಗೆ ಮೂರು ವರ್ಷ ಕಳೆದಿರಬೇಕು. ಅಕ್ಕನನ್ನು ನೋಡಲು ಹೊಸಕೋಟೆ ಕಡೆಯಿಂದ ಒಂದು ಗಂಡು ಬಂತು. ಹುಡುಗ ಇಂಜಿನಿಯರ್, ಸರ್ಕಾರಿ ಕೆಲಸ. ಅವನು ಇಡೀ ಹೊತ್ತು ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ. ಮಾತೆಲ್ಲ ಅವನ ತಂದೆಯದೇ. ಕೇಸರಿಬಾತು ಮುಗಿದ ಮೇಲೆ ಅವರು ಹುಡುಗಿ ಒಂದು ಹಾಡು ಹೇಳಲಿ ಎಂದರು. ಅಕ್ಕ ಚಾಪೆಯ ಮೇಲೆ ಕೂತು ಚೆನ್ನಾಗಿಯೇ ಹಾಡಿದಳು. ಪಲ್ಲವಿ ಆಯಿತು, ಅನುಪಲ್ಲವಿ ಆಯಿತು, ಅಲ್ಲಿಗೆ ನಿಲ್ಲಿಸಿದಳು. ಮುಂದಕ್ಕೆ ಹೇಳಮ್ಮ ಎಂದರು ಹುಡುಗನ ತಂದೆ.

"ಇಷ್ಟೇ ಕಲ್ತಿರೋದು. ಅಷ್ಟೊತ್ತಿಗೆ ಅಪ್ಪ ಕಾರು ಬುಕ್ ಮಾಡಿದ್ರು," ಎಂದಳು ಅಕ್ಕ.

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಡುಗನ ತಂದೆಗೆ ಹಾಡು ಮರೆತೇಹೋಯಿತು. ಯಾವಾಗ ಬುಕ್ ಮಾಡಿದಿರಿ, ನಂಬರೆಷ್ಟು, ಈಗ ಎಲ್ಲಿಯವರೆಗೆ ಬಂದಿದೆ ಎಂದು ಒಂದೇ ಸಮನೆ ಕೇಳತೊಡಗಿದರು. ಕಾರಿನ ಬಗ್ಗೆ ಇಷ್ಟು ಅಕ್ಕರೆಯಿಂದ ವಿಚಾರಿಸಿದವರನ್ನು ಅಪ್ಪ ಅಲ್ಲಿಯವರೆಗೆ ಕಂಡಿರಲಿಲ್ಲ. ಉಬ್ಬಿಹೋಗಿ ದೇವರ ಮನೆಯಿಂದ ಚೀಟಿ ತಂದು ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ಓದಿದರು.

"ನೋಡಿ ವಕೀಲ್ರೇ, ನಾವು ವರದಕ್ಷಿಣೆ ಕೇಳೋ ಜನ ಅಲ್ಲ," ಎಂದರು. "ಈ ಚೀಟಿ ಒಂದನ್ನ ಹುಡುಗನ ಹೆಸರಿಗೆ ಮಾಡಿಸ್ಬಿಡಿ. ಸಾಕು."

ಅಪ್ಪನ ಮುಖ ಕಪ್ಪಿಟ್ಟಿತು. ಚೀಟಿಯನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಮಡಿಸಿ ಜೇಬಿಗೆ ಹಾಕಿದರು. ಆಮೇಲೆ ಎದ್ದು ನಿಂತು, ಕೋರ್ಟಿನಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದರು. "ಇದು ವರದಕ್ಷಿಣೆ ಕೊಟ್ಟು ಮಗಳನ್ನ ಸಾಗ್ಹಾಕೋ ಮನೆ ಅಲ್ಲ. ನೀವಿನ್ನು ಹೊರಡ್ಬಹುದು."

ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಸರ್ಕಾರಿ ಇಂಜಿನಿಯರನ್ನೇ ಬಾಗಿಲಿನಿಂದ ಆಚೆ ಕಳಿಸಿದ ಧೀರ ಎಂದು ಮಾರನೆಯ ದಿನ ಕೋರ್ಟಿನಲ್ಲಿ ಅಪ್ಪನ ಕೈ ಕುಲುಕಿದವರೇ ಕುಲುಕಿದ್ದು. ಮಧ್ಯಾಹ್ನ ಊಟಕ್ಕೆ ಬಂದು ಯಾರು ಯಾರು ಏನೇನು ಹೊಗಳಿದರೆಂದು ಹೇಳುತ್ತಿದ್ದರು. ಅಮ್ಮ ಬಡಿಸುತ್ತಾ, "ಅವ್ರು ಚೀಟಿ ಬಿಟ್ಟು ಚಿನ್ನ ಕೇಳಿದ್ರೆ ಏನಂತಿದ್ರಿ?" ಎಂದಳು.

"ಸಾರು ಹಾಕು," ಎಂದರು ಅಪ್ಪ.

ಮಹಿಳಾ ಸಮಾಜದವರು ವರದಕ್ಷಿಣೆಯ ಪಿಡುಗಿನ ಬಗ್ಗೆ ಮಾತಾಡಲು ಕರೆದರು. ಅಪ್ಪ ಹೋದರು. ಆಮೇಲೆ ದೇವನಹಳ್ಳಿಯವರು ಕರೆದರು. ಮೊದಲ ಭಾಷಣದಲ್ಲಿ ಸ್ವಲ್ಪ ತಡವರಿಸಿದರು. ಮೂರನೆಯದರ ಹೊತ್ತಿಗೆ ತಾವು ಹೇಳುತ್ತಿದ್ದುದನ್ನು ತಾವೇ ನಂಬತೊಡಗಿದ್ದರು. ಆ ಭಾಷಣಕ್ಕೆ ನಾವೂ ಹೋಗಿದ್ದೆವು. ಹೆಣ್ಣುಮಕ್ಕಳು ಓದಿ ತಮ್ಮ ಕಾಲ ಮೇಲೆ ನಿಲ್ಲಬೇಕು, ಅದಕ್ಕೆ ಅಡ್ಡ ಬರುವ ತಂದೆ ತಂದೆಯೇ ಅಲ್ಲ ಎಂದು ಮೇಜು ಗುದ್ದಿ ಹೇಳಿದರು. ಚಪ್ಪಾಳೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಟ್ರೈನಿಂಗಿನ ಅರ್ಜಿ ಮತ್ತು ಪೆನ್ನು ತಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ಅರ್ಜಿ ನೋಡಿದರು, ಅವಳನ್ನು ನೋಡಿದರು. "ಕಾರು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಹಿಂದಿನ ದಿನ ಚಪ್ಪಾಳೆ ತಟ್ಟಿದ ಇಬ್ಬರು ಕಕ್ಷಿದಾರರು ಜಗಲಿಯಲ್ಲೇ ಕೂತಿದ್ದರು. ಅಪ್ಪ ಸಹಿ ಹಾಕಿದರು. ಫೀಜು, ಹಾಸ್ಟೆಲಿನ ಖರ್ಚು ಎಲ್ಲವೂ ಕಾರಿನ ಹಣದಿಂದಲೇ ಹೋಯಿತು. ಅವಳು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಟ್ರಂಕನ್ನು ಅಪ್ಪನೇ ಹೊತ್ತು ತಂದರು. ನಾಲ್ಕು ಜನ ನೋಡಲಿ ಎಂದು ಹೊತ್ತಿರಬೇಕೆಂದು ಆಗ ಅಂದುಕೊಂಡಿದ್ದೆ. ಬಸ್ಸು ಹೋದ ಮೇಲೂ ಅವರು ಅಲ್ಲೇ ನಿಂತಿದ್ದದ್ದು ಏಕೆಂದು ನನಗೆ ತಿಳಿಯಲಿಲ್ಲ.

ಅಕ್ಕನಿಗೆ ತೂಬಗೆರೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಅದೇ ಶಾಲೆಯ ಮೇಷ್ಟ್ರನ್ನು ಮದುವೆಯಾಗುತ್ತೇನೆಂದಳು. ಅವರಿಗೆ ಆಸ್ತಿ ಎಂದರೆ ಒಂದು ಸೈಕಲ್ಲು. ಅವರು ಏನನ್ನೂ ಕೇಳಲಿಲ್ಲ. ಅಷ್ಟು ಭಾಷಣ ಮಾಡಿದ್ದ ಅಪ್ಪನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ.

ಎಂಟನೆಯ ವರ್ಷ ಕಾಗದ ಬಂತು. ನಿಮ್ಮ ಸರದಿ ಬಂದಿದೆ, ತಿಂಗಳೊಳಗೆ ಬಾಕಿ ಕಟ್ಟಿ. ಇಷ್ಟು ವರ್ಷದಲ್ಲಿ ಕಾರಿನ ಬೆಲೆ ನಮ್ಮ ಉಳಿತಾಯಕ್ಕಿಂತ ಜೋರಾಗಿ ಓಡಿತ್ತು. ಹಳೆಯ ಗಾಡಿಯನ್ನು ಗುಜರಿಗೆ ಹಾಕಿದರೂ ಕಡಿಮೆ ಬಿತ್ತು. ಅಕ್ಕ ತನ್ನ ಸಂಬಳದಲ್ಲಿ ಕೂಡಿಟ್ಟಿದ್ದನ್ನು ತಂದುಕೊಟ್ಟಳು. ಅಪ್ಪ ಕಪ್ಪು ಬಣ್ಣ ಕೇಳಿದ್ದರು, ಸಿಕ್ಕಿದ್ದು ಮಾಸಲು ಹಸಿರು. ಅದು ಮನೆಗೆ ಬಂದ ಕೆಲವೇ ತಿಂಗಳಲ್ಲಿ ಪೆಟ್ರೋಲಿನ ಬೆಲೆ ಏರಿ, ಕಾರಿದ್ದವರು ಕಾರನ್ನು ಒರೆಸುವುದಷ್ಟೇ ಮಾಡುವ ಹಾಗಾಯಿತು. ಅಪ್ಪ ಕೋರ್ಟಿಗೆ ನಡೆದೇ ಹೋಗತೊಡಗಿದರು.

ತಿಂಗಳಿಗೊಮ್ಮೆ ಮಾತ್ರ ಭಾನುವಾರ ತೂಬಗೆರೆಗೆ, ಅಕ್ಕನ ಮನೆಗೆ. ಮೊದಲ ಸಲ ಹೋದಾಗ ಹೊಸ ಸೀಟಿನ ವಾಸನೆಗೆ ಅಮ್ಮನಿಗೆ ಹೊಟ್ಟೆ ತೊಳಸಿ, ದಾರಿಯಲ್ಲಿ ಮೂರು ಕಡೆ ಇಳಿಯಬೇಕಾಯಿತು. ಆಮೇಲೆ ಅವಳು ಆ ಕಾರು ಹತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಏನೂ ಆಗುವುದಿಲ್ಲ ಎಂದು ಬಸ್ಸಿಗೇ ಹೋಗುತ್ತಿದ್ದಳು. ಬಸ್ಸಿನ ಹಿಂದೆ, ಅದೆಬ್ಬಿಸಿದ ಕೆಂಪು ಧೂಳಿನಲ್ಲಿ, ಅಪ್ಪ ಒಬ್ಬರೇ ಹೊಸ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಪೆಟ್ರೋಲು ಉಳಿಸಲು ಅಷ್ಟು ನಿಧಾನವಾಗಿ ಓಡಿಸುತ್ತಿದ್ದುದರಿಂದ, ಅವರು ತಲುಪುವ ಹೊತ್ತಿಗೆ ಅಮ್ಮ ಅಕ್ಕನ ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು ಮುಗಿಸಿರುತ್ತಿದ್ದಳು.