ಐದನೇ ಹಾಡಿನ ಕೆಮ್ಮು

ಊರಿಗಾಂ ಚಿನ್ನದ ಗಣಿಯ ಲೈನ್ ಮನೆಯ ವೇಣು ವಾರವೆಲ್ಲ ಬಂಗಾರಪೇಟೆಯಲ್ಲಿ ಧೂಳಿನ ನಡುವೆ ಗ್ರಾನೈಟ್ ಕಲ್ಲು ಕೊಯ್ಯುತ್ತಿದ್ದ. ರಜೆಯ ದಿನ ಮಾತ್ರ, ಹಾಡುವ ಬದಲು ಗಂಟಲಾಳದಿಂದ ಗುಟುರು ಹಾಕುವ ಡೆತ್ ಮೆಟಲ್ ಗಾಯಕ. ಅದೂ ಪ್ರೊಗ್ರೆಸಿವ್. ವ್ಯತ್ಯಾಸವೇನೆಂದು ಕೇಳಿದರೆ ಗಿಟಾರಿನ ಗೋಪಿ ಅರ್ಧ ಗಂಟೆ ವಿವರಿಸುತ್ತಿದ್ದ. ಒಟ್ಟು ಅರ್ಥ ಇಷ್ಟು: ಬರೀ ಡೆತ್ ಮೆಟಲ್ ಕೇಳಿದವರು ಎದ್ದು ಓಡುತ್ತಾರೆ, ಪ್ರೊಗ್ರೆಸಿವ್ ಕೇಳಿದವರು ತಾಳ ಎಣಿಸುತ್ತಾ ಓಡುತ್ತಾರೆ.

'ಪಾತಾಳಗರ್ಭ' ಎಂಬ ಇವರ ತಂಡದ ಚೊಚ್ಚಲ ಆಲ್ಬಮ್ಮನ್ನು ಯಾವ ಕಂಪನಿಯೂ ಕೇಳಿರಲಿಲ್ಲ. ಆದ್ದರಿಂದ ಯಾವ ಕಂಪನಿಗೂ ಕೊಡಬಾರದೆಂದು ತೀರ್ಮಾನಿಸಿ, ವೇಣುವಿನ ಮನೆಯಲ್ಲೇ ರೆಕಾರ್ಡ್ ಮಾಡಿ, ಶುಕ್ರವಾರ ತಾವೇ ಇಂಟರ್‌ನೆಟ್ಟಿಗೆ ಬಿಡುವುದೆಂದಾಯಿತು.

ಐದನೇ ಹಾಡಿನ ಗುಟುರು ಮುಗಿಯುವ ಕಡೆ ಒಂದು ಕೆಮ್ಮಿತ್ತು.

"ಅದೇ ಕಣ್ಲಾ ಮಾಸ್ಟರ್‌ಪೀಸು!" ಅಂದ ಗೋಪಿ.

ಅದು ತಾನಾಗಿ ಬಂದದ್ದೆಂದು ವೇಣು ಹೇಳಲಿಲ್ಲ. ಕಲಾವಿದನೆನ್ನಿಸಿಕೊಳ್ಳುವ ಅವಕಾಶ ದಿನಾ ಸಿಗುವುದಿಲ್ಲವಲ್ಲ.

ಆ ಹಾಡನ್ನು ಮೊಬೈಲಿನಲ್ಲಿ ಹಾಕಿದ್ದೇ ತಡ, ಒಳಗಿನಿಂದ ಅವನ ತಾಯಿ ಸೆಲ್ವಿ ಬಿಸಿನೀರಿನ ಲೋಟ ಹಿಡಿದು ಓಡಿಬಂದಳು. ಮಗ ಆರಾಮಾಗಿ ಕೂತಿದ್ದ. ಅವಳು ಬಾಗಿಲಲ್ಲೇ ನಿಂತಳು. ಎದೆಯಲ್ಲಿ ಗಣಿಧೂಳು ಕೂತು ಸತ್ತ ಗಂಡನಿಗೆ ವರ್ಷಗಟ್ಟಲೆ ಹೀಗೇ ನೀರು ತಂದುಕೊಟ್ಟವಳು.

"ಡೇ, ಇನ್ನೊಂದ್ಸಲ ಆಕು."

ಹಾಕಿದ.

"ನಿಮ್ಮಪ್ಪಂಗೆ ಇಂಗೇ ಸುರುವಾಗಿದ್ದು. ಕೆಮ್ಮಾದ್ಮೇಲೆ ಉಸ್ರು ಎಳ್ಕೊಳ್ಳೋದು ಕೇಳು. ಎಕ್ಸ್‌ರೇ ತೆಗ್ಸು ಅಂತ ಎಷ್ಟ್ ಬಡ್ಕೊಳ್ಲಿ?"

"ಅದು ಸ್ಟೈಲಮ್ಮಾ. ಬೇಕಂತ ಮಾಡಿದ್ದು."

"ಬೇಕಂತ ಮಾಡೋನಿಗೆ ಬಿಡಕ್ಕೂ ಬರ್ಬೇಕಲ್ಲ? ಕೆಮ್ದೆ ಆಡು, ಕೇಳ್ತೀನಿ."

ವೇಣು ನಗುತ್ತಾ ಎದ್ದು ನಿಂತ. ಗೋಪಿ ಗಿಟಾರ್ ಎತ್ತಿಕೊಂಡ. ಅದೇ ಜಾಗಕ್ಕೆ ಬಂದಾಗ ಅದೇ ಕೆಮ್ಮು ಬಂತು. ಎರಡನೇ ಸಲ ವೇಣು ಉಪಾಯ ಮಾಡಿ ಗುಟುರನ್ನು ಮೊದಲೇ ನಿಲ್ಲಿಸಿದ; ಕೆಮ್ಮು ಅದಕ್ಕಾಗಿ ಕಾಯಲಿಲ್ಲ. ಮೂರನೇ ಸಲ ಬಾಯಿಯನ್ನೇ ತೆರೆಯದೆ ಬರೀ ಗಿಟಾರ್ ಕೇಳುತ್ತಾ ನಿಂತ. ಆಗಲೂ ಬಂತು.

"ಸೂಪರ್ ಲಾ! ಇದು ಇನ್ನೂ ಡಾರ್ಕಾಗೈತೆ, ಇದ್ನೇ ಇಡಾಣ," ಅಂದ ಗೋಪಿ, ಕಣ್ಣುಮುಚ್ಚಿ ತಲೆಯಾಡಿಸುತ್ತಾ. ಆಮೇಲೆ ಕಣ್ಣು ಬಿಟ್ಟ. ಗಿಟಾರ್ ನಿಲ್ಲಿಸಿದ. ಕೆಮ್ಮು ನಿಲ್ಲಲಿಲ್ಲ.

ಸೆಲ್ವಿ ಮೊಳೆಯಿಂದ ಅಂಗಿ ತೆಗೆದು ಮಗನ ಹೆಗಲಿಗೆ ಹಾಕಿದಳು. "ನಡಿ ಆಸ್ಪತ್ರೆಗೆ."

"ಸೆಲ್ವಮ್ಮಾ, ಶುಕ್ರವಾರ ರಿಲೀಸು..." ಅಂದ ಗೋಪಿ.

"ನೀನೇ ಕೆಮ್ಕೊಂಡು ರಿಲೀಸ್ ಮಾಡ್ಕೊ."

ಗುಂಡಿ ಹಾಕಿಕೊಳ್ಳುತ್ತಿದ್ದ ವೇಣು ಏನೋ ಹೇಳಲು ಬಾಯಿ ತೆರೆದವನು, ಕೆಮ್ಮು ಮತ್ತೆ ಬಂದುಬಿಟ್ಟೀತೆಂದು ಹೆದರಿ ಮುಚ್ಚಿಕೊಂಡ.